ಜಂಬಣ್ಣನ ಮುಷ್ಟಿಯಲ್ಲಿದ್ದ ಮೊಳೆ

"ನನ್ನ ಗಂಡನ್ನ ಕೊಂದೋನು ಹೊರಗೆ ಆರಾಮಾಗಿ ಓಡಾಡ್ತಾ ಇದಾನೆ. ಏನೂ ಮಾಡದೇ ಇರೋನು ಸ್ಟೇಷನ್ನಲ್ಲಿ ಏಟು ತಿಂತಾ ಇದಾನೆ. ನೀವಾದ್ರೂ ಒಂದ್ಸಲ ಬಂದು ನೋಡಿ ಅಕ್ಕಾ."

ಬಸವೇಶ್ವರನಗರದ ನಮ್ಮ ಮನೆಯ ವರಾಂಡದಲ್ಲಿ ನಿಂತು ಜಯದೇವಿ ಹೀಗೆಂದಾಗ ಅವರ ಕಣ್ಣಲ್ಲಿ ನೀರಿರಲಿಲ್ಲ. ಅತ್ತು ಮುಗಿಸಿ ಬಂದವರ ಹಾಗಿದ್ದರು. ಅದು ೧೯೮೬ರ ಬೇಸಿಗೆ. ಅಂಚೆ ಕಚೇರಿಯ ಗುಮಾಸ್ತನಾಗಿದ್ದ ನಾನು, ಏಕಾಂತಯ್ಯ, ವತ್ಸಲಾ ಮೇಡಂ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಮೇಡಂ ಪೊಲೀಸ್ ಇಲಾಖೆಯ ಬೆರಳಚ್ಚು ಪತ್ತೆ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಯಾರಾದರೂ ಹೀಗೆ ಬಾಗಿಲಿಗೆ ಬಂದರೆ ಅವರು ಹೊರಡುತ್ತಿದ್ದರು. ಅವರ ಹಿಂದೆ ಚೀಲ ಹಿಡಿದು ನಾನು.

ಜಯದೇವಿಯವರ ಗಂಡ ಜಂಬಣ್ಣ, ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಒಂದು ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿದ್ದರು. ಕೈಯಲ್ಲಿ ಹಿಡಿದು ಕೆರೆಯುವ, ಉಜ್ಜುವ ಸಾಮಾನುಗಳಿಗೆ ಹೊಸ ಹೊಸ ರೂಪ ಕೊಡುವುದು ಅವರ ಹುಚ್ಚು. ದೋಸೆ ಹೆಂಚು ಕೆರೆಯಲು ಒಂದು, ತಳ ಹಿಡಿದ ಕಡಾಯಿಗೆ ಇನ್ನೊಂದು, ಹಳೇ ಬಣ್ಣ ಎಬ್ಬಿಸಲು ಮತ್ತೊಂದು. ಹೆಂಡತಿಯ ಅಂಗೈಯಲ್ಲಿ ಬೊಬ್ಬೆ ಎದ್ದರೆ ಸಾಕು, ಹಿಡಿಯ ಬಾಗು ಬದಲಿಸಲು ಕೂತುಬಿಡುತ್ತಿದ್ದರಂತೆ. ಅವರು ರೂಪಿಸಿದ ಬಣ್ಣ ಕೆರೆಯುವ ಸ್ಕ್ರೇಪರನ್ನು ಪಾಲುದಾರ ಬಸವಲಿಂಗಪ್ಪ ಕೆಂಗೇರಿಯ ತನ್ನ ಕಾರ್ಖಾನೆಯಲ್ಲಿ ರಾಶಿಗಟ್ಟಲೆ ತಯಾರಿಸಿ, ಹಿಡಿಯ ಮೇಲೆ 'ಜಂಬಣ್ಣ' ಎಂದು ಅಚ್ಚು ಹಾಕಿ ಮಾರುತ್ತಿದ್ದ.

"ಇವರು ಹೋಗೋ ಹಿಂದಿನ ದಿನ ಬಸವಲಿಂಗಪ್ಪ ಮನೆಗೆ ಬಂದಿದ್ದ. ಇಬ್ಬರಿಗೂ ಜೋರು ಜಗಳ. 'ನನ್ನ ಹೆಸರು ಅಳಿಸಿ ಹಾಕು, ಇಲ್ಲದಿದ್ರೆ ಕೋರ್ಟಿಗೆ ಹೋಗ್ತೀನಿ' ಅಂತ ಇವರು ಕೂಗಿದ್ದು ಅಡುಗೆಮನೆಗೆ ಕೇಳಿಸ್ತು. ಮಾರನೇ ದಿನ ಸಂಜೆ ಇವರು ವರ್ಕ್‌ಶಾಪಿಂದ ಬರಲೇ ಇಲ್ಲ. ಅವತ್ತು ಸಂಜೆ ಹಾಲೂ ಬಂದಿರಲಿಲ್ಲ, ಇವರು ಬಂದ್ರೆ ಕಾಫಿಗೆ ಏನು ಮಾಡೋದು ಅಂತ ಯೋಚನೆ ಮಾಡ್ಕೊಂಡು ಕೂತಿದ್ದೆ ನೋಡಿ..." ಜಯದೇವಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. "ಬೆಳಿಗ್ಗೆ ಕೆಲಸದ ನಾಣಿ ಬಾಗಿಲು ತೆಗೆದಾಗ ಹೆಣವಾಗಿ ಬಿದ್ದಿದ್ರು. ಅವನನ್ನೇ ಪೊಲೀಸರು ಹಿಡ್ಕೊಂಡು ಹೋದ್ರು. ಇವರ ಹತ್ರ ಹದಿನಾರು ವರ್ಷದಿಂದ ಇರೋನು ಅಕ್ಕಾ ಅವನು."

ಮೇಡಂ ಎದ್ದು ಚಪ್ಪಲಿ ಮೆಟ್ಟಿದರು.

ವರ್ಕ್‌ಶಾಪಿನ ಬೀಗ ತೆಗೆದ ಇನ್ಸ್‌ಪೆಕ್ಟರ್, ಹಳೆಯ ಪರಿಚಯದಿಂದ ಮೇಡಂ ಅವರನ್ನು ಗೌರವಿಸುತ್ತಿದ್ದರಾದರೂ, ಈ ಸಲ ಅವರ ಮುಖದಲ್ಲಿ ಬೇಸರವಿತ್ತು. "ತಲೆಯ ಹಿಂಭಾಗಕ್ಕೆ ಸುತ್ತಿಗೆ ಏಟು ಮೇಡಂ. ಸುತ್ತಿಗೆ ಮೇಲೆ ನಾಣಿ ಬೆರಳಚ್ಚು ಸ್ಪಷ್ಟವಾಗಿದೆ. ಬಸವಲಿಂಗಪ್ಪ ಅವತ್ತು ಸಂಜೆ ಮದುವೆ ಮನೇಲಿದ್ದ, ಊರೆಲ್ಲಾ ನೋಡಿದೆ."

"ನಾಣಿ ದಿನಾ ಹಿಡಿಯೋ ಸುತ್ತಿಗೆ. ಅವನ ಗುರುತು ಇಲ್ಲದಿದ್ರೆ ಆಶ್ಚರ್ಯ ಪಡಬೇಕಿತ್ತು. ಬೇರೆ ಗುರುತು?"

"ಎಲ್ಲಾ ಕಲಸಿಹೋಗಿದೆ. ಗ್ರೀಸು."

ಒಳಗೆ ಕಬ್ಬಿಣದ ಪುಡಿಯ ವಾಸನೆ. ಗೋಡೆಯ ಮೇಲೆ ನಕ್ಷೆಗಳನ್ನು ಸಿಕ್ಕಿಸಿದ್ದ ಜಾಗ ಖಾಲಿಯಾಗಿತ್ತು. ಹಿತ್ತಿಲಿನ ಎಣ್ಣೆ ಡಬ್ಬದಲ್ಲಿ ಅವೆಲ್ಲ ಸುಟ್ಟು ಕರಿ ಹಾಳೆಗಳಾಗಿದ್ದವು, ಮುಟ್ಟಿದರೆ ಪುಡಿಯಾದವು. ಬೆಂಚಿನ ಒಂದು ಡ್ರಾಯರನ್ನು ಪೂರ್ತಿ ಹೊರಗೆ ಎಳೆದಿತ್ತು. ಬೆಂಚಿನ ಮೇಲೆ ಜಂಬಣ್ಣ ತಾವೇ ಮಾಡಿಟ್ಟ ಹೊಸ ಸ್ಕ್ರೇಪರುಗಳು ಸಾಲಾಗಿದ್ದವು. ಪ್ರತಿಯೊಂದರ ಅಲಗನ್ನೂ ಹಿಡಿಗೆ ಸೇರಿಸುವ ಕಡೆ ಒಂದು ಪುಟ್ಟ ಹಿತ್ತಾಳೆ ಮೊಳೆ ಮಿನುಗುತ್ತಿತ್ತು.

ಅವುಗಳ ಪಕ್ಕ ಒಂದು ಮಾತ್ರ ಬೇರೆ ಥರ. ಹಳೆಯದು, ಅಲಗು ಇಲ್ಲ, ಹಿತ್ತಾಳೆ ಮೊಳೆಯೂ ಇಲ್ಲ. ಅದರ ಬಾಯಿಯ ಸಂದಿಯಲ್ಲಿ ಒಣಗಿದ ಹಸಿರು ಬಣ್ಣ ಕಚ್ಚಿಕೊಂಡಿತ್ತು.

"ಏಕಾಂತಯ್ಯನವರೇ, ಇಲ್ಲಿ ಬನ್ನಿ," ಎಂದರು ಮೇಡಂ, ನೆಲದತ್ತ ಬಗ್ಗಿ. ಸ್ಟೂಲಿನ ಪಕ್ಕ ಕಬ್ಬಿಣದ ಪುಡಿಯಲ್ಲಿ ದುಂಡನೆಯ ಒತ್ತುಗುರುತು. ಅದರ ಸುತ್ತ ಇರುವೆಗಳು ಮುತ್ತಿದ್ದವು.

"ಯಾರೋ ಟೀ ಚೆಲ್ಲಿರಬೇಕು," ಎಂದೆ.

"ಇಷ್ಟು ದೊಡ್ಡ ಲೋಟದಲ್ಲಿ ಯಾರು ಟೀ ಕುಡೀತಾರೆ?" ಎಂದು, ಚೀಲದಿಂದ ದಾರ ತೆಗೆಸಿ ಗುರುತಿನ ಅಳತೆ ತೆಗೆದುಕೊಂಡರು. ಆಮೇಲೆ ಇನ್ಸ್‌ಪೆಕ್ಟರ್ ಕಡೆ ತಿರುಗಿ, "ಹೆಣದ ಮೇಲೆ ಏನಾದ್ರೂ ಸಿಕ್ತಾ?" ಎಂದು ಕೇಳಿದರು.

"ಬಲಗೈ ಮುಷ್ಟೀಲಿ ಒಂದು ಹಿತ್ತಾಳೆ ಮೊಳೆ. ಬಿಗಿಯಾಗಿ ಹಿಡಿದಿದ್ರು. ವರ್ಕ್‌ಶಾಪಲ್ಲಿ ಮೊಳೆ ಇಲ್ದೆ ಇನ್ನೇನಿರುತ್ತೆ ಬಿಡಿ."

ಮೇಡಂ ಹಳೆಯ ಸ್ಕ್ರೇಪರಿಗೆ ಒಂದು ಹೊಸ ಅಲಗು ಸಿಕ್ಕಿಸಿ ತಿರುಪು ಬಿಗಿದರು, ಆಮೇಲೆ ಅದನ್ನು ಸ್ವಲ್ಪ ಸಡಿಲಿಸಿ, ಅಲಗನ್ನು ಬೆಂಚಿಗೆ ಒತ್ತಿ ಕೆರೆದರು. ಬಾಗಿದ ಅಲಗು ಚಟ್ಟನೆ ಚಿಮ್ಮಿ ನನ್ನ ಕಿವಿಯ ಪಕ್ಕದಲ್ಲೇ ಹಾರಿ ತಗಡಿನ ಗೋಡೆಗೆ ಬಡಿಯಿತು. ಮೊಳೆಯಿರುವ ಸ್ಕ್ರೇಪರಿನಲ್ಲಿ ಅದನ್ನೇ ಮಾಡಿದಾಗ ಅಲಗು ಅಲುಗಾಡಿತೇ ಹೊರತು ಜಾಗ ಬಿಡಲಿಲ್ಲ.

ಸ್ಟೇಷನ್ನಿನಲ್ಲಿ ನಾಣಿಯ ಒಂದು ಕೆನ್ನೆ ಊದಿಕೊಂಡು ಕಣ್ಣು ಮುಚ್ಚಿಹೋಗಿತ್ತು. "ಮೊಳೆ ಇಲ್ದೇ ಇರೋದು ಕೆಂಗೇರಿ ಮಾಲು ಅಮ್ಮಾ," ಎಂದ. "ತೂತು ಕೊರೆದು ಮೊಳೆ ಕೂರಿಸೋಕೆ ಹೊತ್ತು ಹಿಡಿಯುತ್ತೆ ಅಂತ ಬಸವಲಿಂಗಪ್ಪ ಬಿಟ್ಟುಬಿಟ್ಟಿದ್ದ. ಅಲಗು ಚಿಮ್ಮಿ ಯಾರಿಗೋ ಏಟಾಯ್ತು ಅಂತ ಯಾರೋ ಹೇಳಿ ಯಜಮಾನರಿಗೆ ಮೊನ್ನೆ ಮೊನ್ನೆ ಗೊತ್ತಾಯ್ತು. ಅದಕ್ಕೇ ಜಗಳ. ಅಂಥದ್ದು ನಮ್ಮ ಬೆಂಚಿನ ಮೇಲೆ ಇರಲಿಲ್ಲ. ನಾನು ಸಂಜೆ ಹೊರಟಾಗ ಖಂಡಿತಾ ಇರಲಿಲ್ಲ."

"ಹಸಿರು ಬಣ್ಣ?"

"ಕಾಮಾಕ್ಷಿಪಾಳ್ಯದಲ್ಲಿ ಹಳೇ ಬೀರುಗಳಿಗೆ ಬಣ್ಣ ಹೊಡೆಯೋ ಶೆಡ್ ಒಂದಿದೆ. ಅವರು ಇದನ್ನೇ ತಗೊಳ್ಳೋದು." ನಾಣಿ ಕೇಳಿದ, "ಅಮ್ಮಾ, ಯಜಮಾನರ ಮಣ್ಣು ಆಯ್ತಾ? ನನ್ನ ಬಿಡಲಿಲ್ಲ."

ಕಾಮಾಕ್ಷಿಪಾಳ್ಯದ ಶೆಡ್ಡಿನವನು ಮೊದಲು ಬಾಯಿ ಬಿಡಲಿಲ್ಲ. ಮೇಡಂ ಅಲ್ಲಾಡದೆ ನಿಂತಿದ್ದನ್ನು ಕಂಡು ಕೊನೆಗೆ, ತನ್ನಲ್ಲಿ ಕೆಲಸಕ್ಕಿದ್ದು ಕಣ್ಣಿಗೆ ಏಟು ಬಿದ್ದ ಒಬ್ಬ ಹುಡುಗಿಯ ಊರು ಹೇಳಿದ. ಮರುದಿನ ನಾವು ಮಲ್ಲತ್ತಹಳ್ಳಿಗೆ ಹೋದೆವು.

ಕೆರೆಯ ದಡದ ಹತ್ತಿರ ಹೆಂಚಿನ ಮನೆ. ಅಂಗಳದಲ್ಲಿ ಎರಡು ಹಸು, ತೊಳೆದು ಬೋರಲು ಹಾಕಿದ ಕ್ಯಾನುಗಳು. ಜಗಲಿಯ ಮೇಲೆ ಚಿಕ್ಕಗಂಗಮ್ಮ ಕೂತಿದ್ದಳು. ಹದಿನೆಂಟರ ಹುಡುಗಿ, ಎಡಗಣ್ಣಿಗೆ ಪಟ್ಟಿ. ಬಲಗಣ್ಣೂ ಮಂಜಾಗುತ್ತಿದೆ, ಅದನ್ನೂ ಉಳಿಸುವುದು ಕಷ್ಟ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರಂತೆ. ನಮ್ಮ ಹೆಜ್ಜೆ ಸದ್ದು ಬಂದ ಕಡೆ ಮುಖ ತಿರುಗಿಸಿ, "ಅಪ್ಪ ಹಾಲು ಹಾಕೋ ವರ್ತನೆ ಮನೆಗಳಿಗೆ ಹೋಗವ್ರೆ, ಬತ್ತಾರೆ ಕೂತ್ಕಳಿ," ಎಂದಳು.

"ನಿನ್ನನ್ನ ನೋಡೋಕೆ ಆಸ್ಪತ್ರೆಗೆ ಯಾರಾದ್ರೂ ಬಂದಿದ್ರಾ ಮಗಳೇ?"

"ಒಬ್ರು ಬಂದಿದ್ರು. ಹೆಸರು ಹೇಳ್ನಿಲ್ಲ. ಮೈಯೆಲ್ಲಾ ಎಣ್ಣೆ ವಾಸ್ನೆ. ನನ್ನ ಕಣ್ಣಿಗೆ ಹೊಡ್ದ ಸ್ಕ್ರೇಪರಲ್ಲಿ ಹಿತ್ತಾಳೆ ಮೊಳೆ ಇತ್ತಾ ಅಂತ ಕೇಳಿದ್ರು. ಇರ್ನಿಲ್ಲ ಅಂದೆ. ಬೋ ಹೊತ್ತು ಸುಮ್ನೆ ಕೂತಿದ್ರು. 'ಇದನ್ನ ನಿಲ್ಲಿಸ್ತೀನಿ ಕಣವ್ವಾ' ಅಂದ್ಬುಟ್ಟು ಎದ್ದೋದ್ರು."

"ಅಪ್ಪನಿಗೆ ಹೇಳಿದ್ಯಾ?"

"ಇಲ್ಲ. ಯಾರೋ ಏನೋ. ಅಪ್ಪ ಆಗ ಯಾರ ಮಾತೂ ಕೇಳೋ ಹಂಗಿರ್ನಿಲ್ಲ."

ಹಿಂದಿರುಗುವಾಗ ಬಸ್ಸಿನಲ್ಲಿ ಮೇಡಂ ಕಿಟಕಿಯ ಸರಳಿಗೆ ಹಣೆಯೊತ್ತಿ ಕೂತಿದ್ದರು. "ಈ ಕೇಸನ್ನ ಇಲ್ಲಿಗೇ ಬಿಡೋ ಹಾಗಿದ್ದಿದ್ರೆ ಬಿಡ್ತಿದ್ದೆ ಏಕಾಂತಯ್ಯನವರೇ," ಎಂದರು. "ನಾಣಿ ಒಳಗಿದಾನಲ್ಲ." ಅವರು ಯಾಕೆ ಹಾಗೆಂದರೋ ನನಗೆ ಆಗ ತಿಳಿಯಲಿಲ್ಲ.

ಮರುದಿನ ಮಧ್ಯಾಹ್ನ ವರ್ಕ್‌ಶಾಪಿನಲ್ಲಿ ಎಲ್ಲರೂ ಸೇರಿದೆವು. ಇನ್ಸ್‌ಪೆಕ್ಟರ್ ನಾಣಿಯನ್ನು ಕರೆತಂದಿದ್ದರು. ಬಸವಲಿಂಗಪ್ಪ ಬಿಳಿ ಸಫಾರಿ ತೊಟ್ಟು, ಬೆಂಚಿಗೆ ಮೈ ತಾಗದ ಹಾಗೆ ನಿಂತಿದ್ದ. ಜಯದೇವಿ ಗಂಡನ ಸ್ಟೂಲಿನ ಮೇಲೆ ಕೂತಿದ್ದರು. ಅವರ ಮನೆಗೆ ವರ್ಷಗಳಿಂದ ಹಾಲು ಹಾಕುತ್ತಿದ್ದ ಮುನಿವೆಂಕಟಪ್ಪನಿಗೆ, ಕಾಫಿಗೆ ಹಾಲು ತರಬೇಕೆಂದು ಮೇಡಂ ಜಯದೇವಿಯವರಿಂದಲೇ ಹೇಳಿಸಿ ಕರೆಸಿದ್ದರು. ಆತ ಹಾಲಿನ ಕ್ಯಾನು ಹಿಡಿದು ಹೊಸ್ತಿಲಲ್ಲೇ ನಿಂತ. ಅಲ್ಲಿ ಒಲೆಯೂ ಇರಲಿಲ್ಲ, ಲೋಟಗಳೂ ಇರಲಿಲ್ಲ.

"ಎಲ್ಲಿಂದ ಶುರು ಮಾಡಲಿ," ಎಂದು ಮೇಡಂ ಖಾಲಿ ಗೋಡೆಯ ಹತ್ತಿರ ಹೋಗಿ ನಿಂತರು. "ನಕ್ಷೆಗಳಿಂದ ಶುರು ಮಾಡ್ತೀನಿ. ಕೊಲೆಗಾರ ಅವನ್ನ ಕದಿಯಲಿಲ್ಲ, ಸುಟ್ಟ. ಬಸವಲಿಂಗಪ್ಪನವರೇ, ಅವು ಸುಟ್ಟುಹೋದ್ರೆ ನಿಮಗೆ ಅನುಕೂಲ. ಮೂಲ ನಕ್ಷೇಲಿ ಮೊಳೆ ಇತ್ತು ಅನ್ನೋದಕ್ಕೆ ಅದೇ ಸಾಕ್ಷಿ. ಹಾಗಾಗಿ ನಾನೂ ಮೊದಲು ನಿಮ್ಮನ್ನೇ ಅನುಮಾನಿಸಿದೆ. ನೀವು ಮದುವೆ ಮನೇಲಿದ್ರೂ ಆಳನ್ನ ಕಳಿಸಿರಬಹುದು."

"ಏನ್ರೀ ಮಾತಾಡ್ತಾ ಇದೀರಾ?"

"ಪೂರ್ತಿ ಕೇಳಿ. ಆದರೆ ಬೆಂಚಿನ ಮೇಲೆ ಮೊಳೆ ಇರೋ ಮಾದರಿಗಳು ಹಾಗೇ ಉಳಿದಿದ್ವು. ನೀವು ಕಳಿಸಿದ ಆಳಾಗಿದ್ರೆ ಮೊದಲು ಅವನ್ನೇ ಎತ್ಕೊಂಡು ಹೋಗ್ತಿದ್ದ. ನಾಣಿಗೂ ಮೊಳೆಯ ಬೆಲೆ ಗೊತ್ತು, ಅವನು ನಕ್ಷೆ ಸುಡ್ತಿರಲಿಲ್ಲ. ಮೊಳೆ ಯಾಕೆ ಬೇಕು ಅಂತಲೇ ಗೊತ್ತಿಲ್ಲದೆ, ಈ ಸಾಮಾನು ಭೂಮಿ ಮೇಲೆ ಇರಲೇಬಾರದು ಅಂತ ಸಿಟ್ಟಿದ್ದವನು ಮಾತ್ರ ನಕ್ಷೆಗಳನ್ನ ಸುಟ್ಟು, ಸುಡೋಕಾಗದ ಮಾದರಿಗಳನ್ನ ಬಿಟ್ಟು ಹೋಗ್ತಾನೆ."

ಮೇಡಂ ಹಳೆಯ ಸ್ಕ್ರೇಪರನ್ನು ಎತ್ತಿ ಹಿಡಿದರು. "ಇದು ನಾಣಿ ಹೊರಟ ಮೇಲೆ ಬಂದಿದ್ದು. ಕೊಲೆಗಾರ ತಂದಿದ್ದು. ಹಸಿರು ಬಣ್ಣ ನಮ್ಮನ್ನ ಕಾಮಾಕ್ಷಿಪಾಳ್ಯದ ಶೆಡ್ಡಿಗೆ ಕರ್ಕೊಂಡು ಹೋಯ್ತು. ಅಲ್ಲಿ ಇದರ ಅಲಗು ಚಿಮ್ಮಿ ಒಬ್ಬಳು ಹುಡುಗಿ ಕಣ್ಣು ಹೋಗಿದೆ. ಪರಿಹಾರ ಕೇಳೋಕೆ ಹೋದ ಅವಳ ತಂದೆಗೆ ಶೆಡ್ಡಿನವನು ಇದನ್ನ ಎಸೆದು, 'ಇದು ಜಂಬಣ್ಣನ ಮಾಲು, ಹೋಗಿ ಅವನ್ನೇ ಕೇಳು' ಅಂದ. ಆ ತಂದೆ ಕೇಳೋಕೆ ಬಂದ. ದಿನದ ಕೆಲಸದ ದಾರೀಲೇ ಬಂದ. ಕೈಯಲ್ಲಿದ್ದದ್ದನ್ನ ನೆಲದ ಮೇಲಿಟ್ಟ. ಇರುವೆಗಳು ಮುತ್ತಿದ್ದು ಅದರಿಂದ ಒಸರಿದ ಹನಿಗಳಿಗೆ. ಅವತ್ತು ಸಂಜೆ ಜಯದೇವಿಯವರ ಮನೆಗೆ ಹಾಲು ಬರಲಿಲ್ಲ." ಅವರ ದನಿ ತಗ್ಗಿತು. "ಮುನಿವೆಂಕಟಪ್ಪ, ಆ ಕ್ಯಾನನ್ನ ಇಲ್ಲಿ ಇಡಪ್ಪಾ."

ಮುನಿವೆಂಕಟಪ್ಪ ಯಾರ ಮುಖವನ್ನೂ ನೋಡದೆ ಒಳಗೆ ಬಂದು ಕ್ಯಾನನ್ನು ಪುಡಿಯ ಮೇಲಿಟ್ಟ. ಮೇಡಂ ದಾರ ಹಿಡಿಯಬೇಕಾಗಿರಲಿಲ್ಲ. ಕ್ಯಾನು ಆ ದುಂಡನೆ ಗುರುತಿನಲ್ಲಿ ಸರಿಯಾಗಿ ಕೂತಿತು.

"ನಾನೇ ಕಣಮ್ಮಾ ಹೊಡ್ದಿದ್ದು," ಎಂದ ಜಯದೇವಿಯತ್ತ ತಿರುಗಿ. "ನನ್ನ ಮಗಳ ಕಣ್ಣು ಹೋಯ್ತು ಸ್ವಾಮಿ, ಇದಕ್ಕೆ ಏನಂತೀರಾ ಅಂತ ಕೇಳ್ದೆ. ಒಂದು ಮಾತೂ ಆಡ್ನಿಲ್ಲ. ಬೆನ್ನು ತಿರುಗ್ಸಿ ಬೆಂಚಿನ ಆ ಡ್ರಾಯರಲ್ಲಿ ಏನೋ ತಡಕ್ತಾ ನಿಂತ್ಕಂಡ್ರು. ನಾನೊಬ್ಬ ಮನುಷ್ಯ ಅಲ್ವೇನೋ ಅನ್ನಂಗೆ. ಸುತ್ತಿಗೆ ಕೈಗೆ ಸಿಕ್ತು."

"ಅವರು ಮೊಳೆ ಹುಡುಕ್ತಾ ಇದ್ರು," ಎಂದರು ಮೇಡಂ. "ನಿನಗೆ ತೋರಿಸೋಕೆ. ಇದನ್ನ ಹಾಕಿದ್ರೆ ನಿನ್ನ ಮಗಳ ಕಣ್ಣು ಉಳೀತಿತ್ತು, ಹಾಕದೇ ಇದ್ದವನು ಇಂಥವನು ಅಂತ ಹೇಳೋಕೆ. ಮೊಳೆ ಸಿಕ್ಕಿತ್ತು. ಮುಷ್ಟೀಲಿತ್ತು. ಅವರು ಆಸ್ಪತ್ರೆಗೆ ಹೋಗಿ ನಿನ್ನ ಮಗಳನ್ನ ನೋಡಿಕೊಂಡು ಬಂದಿದ್ರು. ಅವಳಿಗೋಸ್ಕರಾನೇ ಬಸವಲಿಂಗಪ್ಪನ ಜೊತೆ ಜಗಳ ಆಡಿದ್ರು. ಕೋರ್ಟಿಗೆ ಹೋಗೋಕೆ ಹೊರಟಿದ್ರು."

ಮುನಿವೆಂಕಟಪ್ಪ ಮೊಣಕಾಲು ಮಡಿಸಿ ನೆಲದ ಮೇಲೆ ಕೂತ. ಎರಡೂ ಕೈಯಿಂದ ಕಬ್ಬಿಣದ ಪುಡಿಯನ್ನು ಬಾಚಿ ತಲೆಯ ಮೇಲೆ ಹಾಕಿಕೊಂಡ. ನಾಣಿ ಹೋಗಿ ಆ ಕೈಗಳನ್ನು ಹಿಡಿದ.

ಮೇಡಂ ಬಸವಲಿಂಗಪ್ಪನ ಕಡೆ ನೋಡಿದರು. ಆತ ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಿದ್ದ. "ನನಗೆ ಕೊಟ್ಟ ನಕ್ಷೇಲಿ ಮೊಳೆ ಇರಲಿಲ್ಲ," ಎಂದ ನಿಧಾನವಾಗಿ. "ಈ ಮಾದರಿಗಳನ್ನ ಆಮೇಲೆ ಮಾಡಿರಬಹುದು. ಇತ್ತು ಅಂತ ಯಾರಾದ್ರೂ ತೋರಿಸಿ ನೋಡೋಣ."

"ಇತ್ತು! ನಾನೇ ನೋಡಿದೀನಿ!" ಎಂದು ನಾಣಿ ಕೂಗಿದ.

"ಕೊಲೆ ಕೇಸಲ್ಲಿ ಒಳಗಿದ್ದ ಕೂಲಿಯವನ ಮಾತು," ಎಂದು ಬಸವಲಿಂಗಪ್ಪ ಇನ್ಸ್‌ಪೆಕ್ಟರ್ ಕಡೆ ತಿರುಗಿದ. "ನಾನು ಹೋಗಬಹುದಲ್ವಾ ಸಾರ್?"

ಇನ್ಸ್‌ಪೆಕ್ಟರ್ ತಿರುಗಿ ಮೇಡಂ ಮುಖ ನೋಡಿದರು. ಮೇಡಂ ಹಿತ್ತಿಲಿನ ಎಣ್ಣೆ ಡಬ್ಬದ ಕಡೆ ನೋಡುತ್ತಿದ್ದರು. ಮಗಳಿಗೆ ನ್ಯಾಯ ಕೊಡಿಸಬಹುದಾಗಿದ್ದ ಹಾಳೆಗಳನ್ನು ಅಪ್ಪನೇ ಅದರಲ್ಲಿ ಹಾಕಿ ಸುಟ್ಟಿದ್ದ. ಇನ್ಸ್‌ಪೆಕ್ಟರ್ ಬಾಗಿಲಿನಿಂದ ಪಕ್ಕಕ್ಕೆ ಸರಿದರು. ಹೊರಗೆ ಬಸವಲಿಂಗಪ್ಪನ ಕಾರು ಹೊರಟ ಸದ್ದು ಕೇಳಿಸಿತು.

ಮುನಿವೆಂಕಟಪ್ಪನನ್ನು ಜೀಪಿಗೆ ಹತ್ತಿಸುವಾಗ ಆತ ಒಂದೇ ಮಾತು ಆಡಿದ: "ಹಸೂಗ್ಳಿಗೆ ನೀರು ಇಟ್ಟಿಲ್ಲ. ಅವಳಿಗೆ ಬಾವಿ ತಾವ ಹೋಗಕ್ಕೆ ಆಗಕಿಲ್ಲ."

ಜಯದೇವಿಯವರನ್ನು ಬಸ್ ಸ್ಟಾಪಿನವರೆಗೆ ಬಿಡಲು ನಾವು ಜೊತೆಗೆ ನಡೆದೆವು. ಅವರ ಮನೆ ಕಡೆಯ ವಿಜಯನಗರದ ಬಸ್ಸು ಬಂದು ನಿಂತರೂ ಅವರು ಹತ್ತಲಿಲ್ಲ.

"ಅಕ್ಕಾ," ಎಂದರು, "ನಾನು ನಿಮ್ಮ ಮನೆ ಬಾಗಿಲಿಗೆ ಬರದೇ ಇದ್ದಿದ್ರೆ ಆ ಹುಡುಗಿಗೆ ಅಪ್ಪನಾದ್ರೂ ಇರ್ತಿದ್ದ. ಅಲ್ವಾ?"

"ನಾಣಿ ಜೈಲಲ್ಲಿರ್ತಿದ್ದ," ಎಂದರು ಮೇಡಂ.

"ಹೂಂ. ಅದೂ ಸರೀನೇ." ಜಯದೇವಿ ಕಂಡಕ್ಟರಿಗೆ ಹೋಗಿ ಎಂದು ಕೈ ಮಾಡಿದರು. ಬಸ್ಸು ಹೊರಟುಹೋಯಿತು. "ಮಲ್ಲತ್ತಹಳ್ಳಿಗೆ ಯಾವ ಬಸ್ಸು?"

ಮೇಡಂ ಹೇಳಿದರು. ಆ ಹುಡುಗಿಗೆ ವಿಷಯವನ್ನು ಯಾರು ತಿಳಿಸಬೇಕು, ಯಾವ ಮಾತಿನಿಂದ ತಿಳಿಸಬೇಕು ಎಂದು ನಮ್ಮಲ್ಲಿ ಯಾರಿಗೂ ತೋಚಲಿಲ್ಲ. ಮೂವರೂ ಅಲ್ಲೇ ಬಿಸಿಲಲ್ಲಿ ಆ ಬಸ್ಸಿಗೆ ಕಾಯುತ್ತ ನಿಂತೆವು.