ನಿಧಾನವಾದ ಕಾರು

ದಿನವೂ ಬಂದವಳೇ ಸ್ಪ್ಯಾನರ್ ಬಚ್ಚಿಟ್ಟು ಮೆಕ್ಯಾನಿಕನನ್ನು ಹುಡುಕಾಡಿಸುವವಳು ಇಂದು ಗ್ಯಾರೇಜಿನ ಬಾಗಿಲಲ್ಲೇ ನಿಂತಳು.

"ನಿಜ ಹೇಳು. ಆ ಕಾರಿನ ಬ್ರೇಕ್ ಕೆಟ್ಟಿತ್ತಾ?"

"ಇಲ್ಲ. ಹಿಂದಿನ ದಿನ ನಾನೇ ನೋಡಿದ್ದೆ."

"ಹಾಗಾದ್ರೆ ಅಪ್ಪ ಬೇಕಂತಲೇ ನಿಧಾನ ಮಾಡಿದ್ದು."

ಅವಳಪ್ಪ ಮಂತ್ರಿಯ ಡ್ರೈವರ್. ಮಾರುಕಟ್ಟೆಯ ತಿರುವು ದಾಟಿ, ಖಾಲಿ ರಸ್ತೆಯಲ್ಲಿ ಕಾರು ನಿಧಾನವಾಗಿತ್ತು. ಯಾವುದೋ ಮಹಡಿಯಿಂದ ಗುಂಡು ಬಂತು. ಪಕ್ಕದ ಸೀಟಿನಲ್ಲಿದ್ದ ಮಂತ್ರಿ ಅಲ್ಲೇ ಸತ್ತರು. ಯಾಕೆ ನಿಧಾನಿಸಿದೆ ಎಂದರೆ ಅಪ್ಪ ಬಾಯಿ ಬಿಡುತ್ತಿರಲಿಲ್ಲ. ಡ್ರೈವರೂ ಸಂಚಿನಲ್ಲಿದ್ದ ಎನ್ನಲು ಊರಿಗೆ ಅಷ್ಟು ಸಾಕಾಯಿತು. ನಾಳೆ ವಿಚಾರಣೆ.

"ಊಟ ಬಡಿಸುವಾಗ ಅವರ ಮುಖ ನೋಡೋಕಾಗ್ತಿಲ್ಲ ಕಣೋ."

"ಬೇಕಂತ ನಿಧಾನ ಮಾಡಿದ್ದು ಬೇರೆ, ಕೊಲ್ಲಿಸೋಕೆ ಮಾಡಿದ್ದು ಬೇರೆ. ಸಂಚಿನಲ್ಲಿದ್ದವರು ಗುಂಡಿಗೆ ಮೊಳ ದೂರದಲ್ಲಿ ಕೂತಿರ್ತಾರಾ?"

"ಹೊಡೆದವನ ಗುರಿ ಅಷ್ಟು ಪಕ್ಕಾ ಅಂತಾರೆ."

"ಏನು ಕೇಳಿದ್ರೂ ಉತ್ತರ ಇಟ್ಕೊಂಡಿರೋ ಕತೆನ ನಾನು ನಂಬಲ್ಲ." ಅವನು ಕೈ ಒರೆಸಿಕೊಂಡ. "ಆ ಹೊತ್ತಲ್ಲಿ ನಾವೆಲ್ಲಿದ್ವಿ?"

"ಅದೇ ರಸ್ತೆಯ ಎದುರಿನ ಬಸ್ ಸ್ಟಾಪಲ್ಲಿ. ನೀನು ನನ್ನ ಕೈ ಹಿಡ್ಕೊಂಡು..." ಅವಳ ಮುಖದ ರಕ್ತ ಇಳಿಯಿತು. "ಅಪ್ಪ ನೋಡಿದ್ರಾ?"

"ನನಗೂ ಹಾಗನ್ನಿಸುತ್ತೆ. ಅನ್ನಿಸಿದ್ದೆಲ್ಲ ಸಾಕ್ಷಿ ಅಲ್ಲ. ಬಿಸಿಲು ಅಂತ ನನ್ನ ಟೋಪಿ ನಿನ್ನ ತಲೆ ಮೇಲಿತ್ತು. ಅದನ್ನ ನಾವು ಯಾರಿಗೂ ಹೇಳಿಲ್ಲ. ಅವರಿಗೆ ಗೊತ್ತಿದ್ರೆ ನೋಡಿದಾರೆ ಅಂತಲೇ ಅರ್ಥ. ಬಾಯಿಗೆ ಮಾತು ಹಾಕಬೇಡ, ಕೇಳು ಅಷ್ಟೆ."

ಇಬ್ಬರೂ ಮನೆಗೆ ಬಂದಾಗ ಅಪ್ಪ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ.

"ಅಪ್ಪಾ, ಅವತ್ತು ನನ್ನ ತಲೆ ಮೇಲೆ ಏನಿತ್ತು?"

ಅಪ್ಪ ತಿರುಗಿದ. ಬಾಗಿಲಲ್ಲಿ ಬರಿತಲೆಯಲ್ಲಿ ನಿಂತ ಮೆಕ್ಯಾನಿಕನನ್ನು ನೋಡಿದ.

"ಎಣ್ಣೆ ಮೆತ್ತಿದ ಟೋಪಿ," ಎಂದ. "ನನ್ನ ಮಗಳೇನಾ ಅಂತ ನೋಡೋಕೆ ಕಾಲು ತಾನಾಗೇ ಬ್ರೇಕ್ ಮೇಲೆ ಹೋಯ್ತು. ಒಂದು ಜೀವ ಹೋಯ್ತಲ್ಲಮ್ಮ. ಇನ್ನು ನಿನ್ನ ಹೆಸರೂ ಬೀದಿಗೆ ಬೀಳೋದು ಬೇಡ ಅಂತ ಸುಮ್ಮನಾದೆ."

ಅವಳು ಅಪ್ಪನ ಕಾಲ ಬಳಿ ಕೂತಳು. ಅನುಮಾನಪಟ್ಟಿದ್ದಕ್ಕೆ ಅವನ ಪಾದ ಹಿಡಿದಳು.

"ನಾಳೆ ಇದನ್ನ ನಾನೇ ಹೇಳ್ತೀನಪ್ಪ."

"ಯಾರು ನಂಬ್ತಾರೆ?"

"ಎಲ್ಲರೂ ನಂಬಲ್ಲ," ಎಂದ ಮೆಕ್ಯಾನಿಕ್. "ನಾವೂ ಸಂಚಿನಲ್ಲಿದ್ವಿ ಅಂತ ಹೇಳೋರೂ ಇರ್ತಾರೆ. ಆದ್ರೂ ಅವಳ ಪಕ್ಕದಲ್ಲಿ ನಾನಿರ್ತೀನಿ. ನಾಳೆ ಒಂದು ದಿನಕ್ಕಷ್ಟೇ ಅಲ್ಲ."

ಅವಳು ಎದ್ದು ಮೆಕ್ಯಾನಿಕನ ಜೇಬಿನಲ್ಲಿ ಮಡಚಿಟ್ಟಿದ್ದ ಟೋಪಿ ತೆಗೆದು ತಾನು ಹಾಕಿಕೊಂಡಳು. ಅಪ್ಪ ನೋಡುತ್ತಿರುವಂತೆಯೇ ಅವನ ಕೈ ಹಿಡಿದಳು.

ಅಪ್ಪ ಟೋಪಿಯ ಎಣ್ಣೆ ಕಲೆ ಮುಟ್ಟಿ ನೋಡಿ ಮೆಕ್ಯಾನಿಕನ ಕಡೆ ತಿರುಗಿದ.

"ಅವತ್ತಿಂದ ಇದನ್ನ ಒಗೆದೇ ಇಲ್ವೇನಪ್ಪ?"