ಬಾಗಿಲಲ್ಲಿ ಹಾಯುವ ನೆರಳು

"ನಾವು ಟಿ.ವಿ.ಗೆ ಮಾತಾಡಲ್ಲ. ಏನಿದ್ರೂ ಅಪ್ಪನ್ನ ಕೇಳಿ," ಎಂದ ಹೇಮಾಶ್ರೀ ಅರ್ಧ ಬಾಗಿಲು ಮುಚ್ಚಿಯೇಬಿಟ್ಟಿದ್ದಳು.

ಅಂಗಳದಲ್ಲಿ ನಿಂತಿದ್ದವನು ತನ್ನ ಕೈಯಲ್ಲಿದ್ದ, ತುದಿಗೆ ಕಪ್ಪು ಸ್ಪಾಂಜಿನ ಉಂಡೆ ಸಿಕ್ಕಿಸಿದ್ದ ಸಾಮಾನನ್ನು ಒಮ್ಮೆ ನೋಡಿಕೊಂಡು ನಕ್ಕ.

"ಇದು ಮೈಕ್ ಅಲ್ಲ ಕಣ್ರೀ, ಸದ್ದು ಅಳೆಯೋ ಮೀಟರ್. ನೀವು ಮಾತಾಡದೇ ಇದ್ರೇನೇ ನನಗೆ ಉಪಕಾರ."

ಮಾದಿಹಳ್ಳಿಯ ಶಾಲೆಯಲ್ಲಿ ದಿನವಿಡೀ ಮಕ್ಕಳ ಬಾಯಿ ಮುಚ್ಚಿಸುವ ಟೀಚರಿಗೇ ಸುಮ್ಮನಿರಿ ಎನ್ನುವ ಧೈರ್ಯ ಇವನಿಗೆ. ಅವಳಿಗೆ ಕೋಪ ಬರಬೇಕಿತ್ತು, ನಗು ಬಂತು. ಅದನ್ನು ಅವನಿಗೆ ಕಾಣದಂತೆ ಬಾಗಿಲ ಹಿಂದೆ ನಕ್ಕಳು.

ಅವನ ಹೆಸರು ಇಂದ್ರೇಶ್. ಅರಸೀಕೆರೆಯವನು. ಊರಿನ ಮೂಡಣ ಗುಡ್ಡದ ಮೇಲೆ ಹೋದ ವರ್ಷ ಎದ್ದು ನಿಂತ ಗಾಳಿಯಂತ್ರಗಳನ್ನು ನೋಡಿಕೊಳ್ಳುವ ಟೆಕ್ನಿಷಿಯನ್. ಊರವರು ಅವನ್ನು ಫ್ಯಾನು ಎನ್ನುತ್ತಿದ್ದರು, ಊರಿನ ಸಕಲ ಕಷ್ಟವನ್ನೂ ಅವುಗಳ ತಲೆಗೇ ಕಟ್ಟುತ್ತಿದ್ದರು. ಮಳೆಮೋಡ ಓಡಿಸಿದ್ದು ಫ್ಯಾನು, ಹಸು ಹಾಲು ಕಡಿಮೆ ಮಾಡಿದ್ದು ಫ್ಯಾನಿನಿಂದ, ಎಳೆಗಾಯಿ ಉದುರಿದರೂ ಫ್ಯಾನೇ ಕಾರಣ. ದೂರು ಜಾಸ್ತಿಯಾದಾಗ, ಗುಡ್ಡಕ್ಕೆ ಹತ್ತಿರವಿರುವ ಮನೆಯಲ್ಲಿ ಸದ್ದು ಅಳೆದು ಬಾ ಎಂದು ಕಂಪನಿ ಇಂದ್ರೇಶನನ್ನು ಕಳಿಸಿತ್ತು. ಆ ಮನೆ ಹೇಮಾಶ್ರೀಯ ಅಪ್ಪ ಚಿಕ್ಕಣ್ಣನದು.

ಅವನು ಬೆಳಗಿನ ಹೊತ್ತು ಬರುತ್ತಿದ್ದ. ಮೀಟರನ್ನು ಜಗಲಿಯಲ್ಲಿ ನಿಲ್ಲಿಸಿ ಆನ್ ಮಾಡಿದನೆಂದರೆ ಮನೆಯಲ್ಲಿ ಯಾರೂ ತುಟಿ ಬಿಚ್ಚುವಂತಿಲ್ಲ. ಬಾಯಿಗೆ ರಜೆ ಕೊಟ್ಟರೆ ಕಣ್ಣಿಗೆ ಕೆಲಸ ಜಾಸ್ತಿ. ಅವಳು ಕಾಫಿ ಲೋಟವನ್ನು ಸದ್ದಾಗದಂತೆ ಇಡುತ್ತಿದ್ದಳು. ಅವನು ಸದ್ದಾಗದಂತೆ ಕುಡಿದು, ಹುಬ್ಬೆತ್ತಿ, ಚೆನ್ನಾಗಿದೆ ಎನ್ನುತ್ತಿದ್ದ. ಅವಳು ಒಳಗೆ ಹೊರಟಾಗ ಕಾಲ್ಗೆಜ್ಜೆ ಘಲ್ಲೆಂದರೆ ಮೀಟರಿನ ಅಂಕಿಯತ್ತ ಬೆರಳು ಮಾಡಿ, ಏರಿತು ನೋಡಿ ಎಂಬಂತೆ ಕಣ್ಣರಳಿಸುತ್ತಿದ್ದ.

ಮಾರನೆಯ ದಿನ ಅವಳು ಗೆಜ್ಜೆ ಬಿಚ್ಚಿಟ್ಟು ಬಂದಳು. ಮೀಟರ್ ಆಫ್ ಮಾಡಿದವನೇ ಮೊದಲು ಕೇಳಿದ್ದು ಅದನ್ನು.

"ಗೆಜ್ಜೆ ಎಲ್ಲಿ?"

"ನಿಮ್ಮ ಲೆಕ್ಕ ತಪ್ಪುತ್ತಲ್ಲ."

"ಅದು ತಪ್ಪಿ ತುಂಬಾ ದಿನ ಆಯ್ತು, ಬಿಡಿ," ಎಂದವನು ಮೀಟರಿನ ಕಾಲು ಮಡಚುವುದರಲ್ಲಿ ಮುಖ ಮರೆಸಿಕೊಂಡ.

ಇಷ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಅದೇ ಹೊತ್ತಿಗೆ ಒಳಗೆ ಹೇಮಾಶ್ರೀಯ ಅವ್ವ ರುಕ್ಮಿಣಮ್ಮ ತಲೆ ಹಿಡಿದುಕೊಂಡು ಕೂತಿರುತ್ತಿದ್ದಳು. ಗುಡ್ಡದ ಹಿಂದಿನಿಂದ ಬಿಸಿಲು ಬಿದ್ದ ಕೂಡಲೇ ಮನೆಯೆದುರಿನ ಫ್ಯಾನಿನ ರೆಕ್ಕೆಗಳ ನೆರಳು ಅಂಗಳ ದಾಟಿ, ತಲೆಬಾಗಿಲು ಹಾದು, ಅಡುಗೆಮನೆಯ ಗೋಡೆ ಸವರಿ ಹೋಗುತ್ತಿತ್ತು. ಒಂದು ಹೋಯಿತೆನ್ನುವಷ್ಟರಲ್ಲಿ ಇನ್ನೊಂದು. ರೊಟ್ಟಿ ತಟ್ಟುತ್ತಿದ್ದ ರುಕ್ಮಿಣಮ್ಮ ಪ್ರತಿ ಸಲವೂ ಬಾಗಿಲ ಕಡೆ ತಿರುಗುತ್ತಿದ್ದಳು.

"ಯಾರು ಬಂದ್ರು?"

"ಯಾರೂ ಇಲ್ಲ ಕಣವ್ವ, ನೆರಳು."

"ಗೊತ್ತೈತೆ. ಆದ್ರೂ ಯಾರೋ ಬಂದಂಗಾಯ್ತದೆ. ನೋಡ್ದೆ ಇರಕ್ಕೆ ಆಗಕಿಲ್ಲ."

ತಿರುಗಿ ತಿರುಗಿ ತಲೆಸುತ್ತು ಬಂದು ವಾಂತಿಯಾಗುತ್ತಿತ್ತು. ಹಾಸನದ ಡಾಕ್ಟರು ಮಾತ್ರೆ ಕೊಟ್ಟರು, ನೆರಳಿಗೆ ಯಾವ ಮಾತ್ರೆ ಇದೆ? ಅವಳು ಅಂಗಳಕ್ಕಿಳಿದು ರಂಗೋಲಿ ಬಿಟ್ಟು ತಿಂಗಳುಗಳಾಗಿದ್ದವು.

ಇಂದ್ರೇಶ್ ಇದನ್ನೆಲ್ಲ ಜಗಲಿಯಿಂದಲೇ ನೋಡಿದ್ದ. ಒಂದು ಸಂಜೆ ಮಾದಿಹಳ್ಳಿಯ ಬಸ್ ಸ್ಟಾಪಿನಲ್ಲಿ ಸಿಕ್ಕಾಗ ಅವನ ಮುಖದಲ್ಲಿ ಎಂದಿನ ಕೀಟಲೆ ಇರಲಿಲ್ಲ.

"ಮೋಡ ಓಡ್ಸೋ ಮಾತು ಸುಳ್ಳು ಅಂತ ಯಾರ ಮುಂದೆ ಬೇಕಾದ್ರೂ ಹೇಳ್ತೀನಿ. ನಿಮ್ಮವ್ವನ ತಲೆಸುತ್ತು ಸುಳ್ಳು ಅಂತ ಹೇಗೆ ಹೇಳ್ಲಿ? ಸದ್ದು ಲಿಮಿಟ್ ಒಳಗೇ ಇದೆ, ಆದ್ರೆ ನೆರಳು ಅಳೆದು ಬಾ ಅಂತ ಯಾರೂ ನನ್ನ ಕಳಿಸಿಲ್ಲ. ಬಿಸಿಲು ಏರೋವರೆಗೆ ಆ ಒಂದು ಫ್ಯಾನ್ ನಿಲ್ಸಿ ಅಂತ ಕೇಳ್ಕೊಂಡೆ. ಒಂದು ಮನೆಗೋಸ್ಕರ ಆಗಲ್ಲ ಅಂದ್ರು."

"ಹಾಗಾದ್ರೆ ಆ ಫ್ಯಾನೇ ಬೇಡ ಅಂತ ನೀವೂ ಹೇಳಿ."

"ಹೇಗೆ ಹೇಳ್ಲಿ? ಮೇಲೆ ಹತ್ತಿ ನಿಂತ್ರೆ ಹಳೇಬೀಡಿನ ಕೆರೆವರೆಗೂ ಕಾಣುತ್ತೆ. ಹೊಗೆ ಇಲ್ಲ, ಬೂದಿ ಇಲ್ಲ, ಬರೀ ಗಾಳಿಯಿಂದ ಕರೆಂಟ್ ಹರಿದು ಹೋಗ್ತಾ ಇರುತ್ತೆ. ನನಗೆ ಅದು ಇಷ್ಟ ಹೇಮಾ. ನಿಮ್ಮವ್ವನೂ ಇಷ್ಟ." ಸ್ವಲ್ಪ ತಡೆದು, ಬರದ ಬಸ್ಸಿನ ದಾರಿ ನೋಡುತ್ತಾ ಹೇಳಿದ, "ಅವರ ಮಗಳೂ ಇಷ್ಟ. ಈಗ ಹೇಳಿ, ಏನು ಮಾಡ್ಲಿ?"

ಅವಳೂ ಆ ಬರದ ಬಸ್ಸಿನ ದಾರಿಯನ್ನೇ ನೋಡತೊಡಗಿದಳು.

ಕಂಪನಿ ಕೇಳದಿದ್ದರೆ ಗುಡ್ಡದಮ್ಮನನ್ನೇ ಕೇಳೋಣ ಎಂದು ಊರು ತೀರ್ಮಾನಿಸಿತು. ದೇವಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ, ಪ್ರಶ್ನೆ ಇಟ್ಟು ಕಾಯುವುದು ಇಲ್ಲಿನ ಪದ್ಧತಿ. ಬಲಗಡೆಯ ಹೂ ಬಿದ್ದರೆ ಆಗುತ್ತದೆ ಎಂದು ಅಪ್ಪಣೆ, ಎಡಗಡೆಯದು ಬಿದ್ದರೆ ಇಲ್ಲ. ನಿಂತವರೆಲ್ಲರ ಮನಸ್ಸಿನಲ್ಲೂ ಒಂದೇ ಪ್ರಶ್ನೆ ಇರಬೇಕು. ಇನ್ನೊಂದು ನುಸುಳಿದರೆ ಅಪ್ಪಣೆ ಕೆಡುತ್ತದೆ.

"ನಮ್ಮನೆ ಮುಂದಿನ ಫ್ಯಾನು ನಿಲ್ತದೇನವ್ವ ತಾಯಿ?" ಎಂದು ಚಿಕ್ಕಣ್ಣ ಎಲ್ಲರ ಪರವಾಗಿ ಕೇಳಿದ.

ಹೇಮಾಶ್ರೀಯೂ ಕಣ್ಣು ಮುಚ್ಚಿ ಅದನ್ನೇ ಕೇಳಿದಳು. ದೇವರಾಣೆ ಅದನ್ನೇ ಕೇಳಿದಳು. ಅದರ ಬೆನ್ನಿಗೇ, ಕರೆಯದೆ ಬಂದ ನೆಂಟರಂತೆ, ಇನ್ನೊಂದು ನುಗ್ಗಿತು: ಇಂದ್ರೇಶ್ ನನ್ನವನಾಗುತ್ತಾನಾ? ನಾಲಗೆ ಕಚ್ಚಿಕೊಂಡು ಅವಳು ಕಣ್ಣು ಬಿಡುವಷ್ಟರಲ್ಲಿ ಬಲಗಡೆಯ ಹೂ ಕೆಳಗಿತ್ತು.

ಚಿಕ್ಕಣ್ಣನ ಕಣ್ಣಲ್ಲಿ ನೀರು. ಪೂಜಾರಿ ಕೊಟ್ಟ ಹೂವನ್ನು ಅವನು ಮಗಳ ಕೈಗಿಟ್ಟ.

"ಮುಡ್ಕೊ ಮಗಾ. ತಾಯಿ ಅಪ್ಪಣೆ ಕೊಟ್ಟವಳೆ."

ಆ ಸಂಜೆ ಅದೇ ಬಸ್ ಸ್ಟಾಪಿನಲ್ಲಿ ಅವಳು ಇಂದ್ರೇಶನಿಗೆ ಎಲ್ಲ ಹೇಳಿದಳು. "ಫ್ಯಾನ್ ನಿಂತ್ರೆ ನೀವು ಈ ಊರಲ್ಲಿರಲ್ಲ. ನೀವು ಇದ್ರೆ ಫ್ಯಾನ್ ನಿಲ್ಲಲ್ಲ. ಎರಡಕ್ಕೂ ಒಂದೇ ಹೂ ಬಿದ್ದಿದೆ. ಯಾವುದಕ್ಕೆ ಕೊಟ್ಟಳೋ ಗೊತ್ತಿಲ್ಲ."

ಅವನು ಅವಳ ಮುಡಿಯಲ್ಲಿ ಬಾಡುತ್ತಿದ್ದ ಹೂವನ್ನೇ ನೋಡಿದ. ನೋಡುತ್ತಲೇ ಇದ್ದ. ಅವಳ ಬಸ್ಸು ಬಂತು.

ಮರುದಿನ ಬೆಳಿಗ್ಗೆ ಫ್ಯಾನು ನಿಂತಿತ್ತು.

ಒಂದು ರೆಕ್ಕೆಯ ನೆರಳು ಅಂಗಳದ ಅಂಚಿನಲ್ಲಿ ಅಲುಗಾಡದೆ ಮಲಗಿತ್ತು. ರುಕ್ಮಿಣಮ್ಮ ಹೊಸ್ತಿಲಲ್ಲಿ ತುಂಬ ಹೊತ್ತು ನಿಂತಳು, ನಂಬಿಕೆಯಾಗದೆ. ಆಮೇಲೆ ಅಂಗಳಕ್ಕಿಳಿದು, ನೀರು ಹಾಕಿ, ಬಿಸಿಲಿನಲ್ಲಿ ಕೂತು ದೊಡ್ಡದೊಂದು ರಂಗೋಲಿ ಬಿಟ್ಟಳು. ಚಿಕ್ಕಣ್ಣ ಗುಡ್ಡದಮ್ಮನಿಗೆ ಈಡುಗಾಯಿ ಒಡೆಯಲು ಓಡಿದ. ಊರೆಲ್ಲ ದೇವಿಯ ಸತ್ಯವನ್ನು ಕೊಂಡಾಡಿತು.

ಹೇಮಾಶ್ರೀ ಹಿತ್ತಲಿಗೆ ಹೋಗಿ ಫೋನ್ ಮಾಡಿದಳು.

"ಏನು ಮಾಡಿದ್ರಿ?"

"ಫ್ಯಾನ್ ಕಂಬದ ಬುಡದಲ್ಲಿರೋ ಪ್ಯಾನಲ್‌ನಲ್ಲಿ ನಿಲ್ಸಿದೆ. ಚೆನ್ನೈ ಕಂಟ್ರೋಲ್ ರೂಮಿಂದ ಒಂದೇ ಸಮ ಫೋನ್ ಮಾಡ್ತಾ ಇದಾರೆ, ಎತ್ತಿಲ್ಲ. ಅದು ಬಿಡಿ. ನಿಮ್ಮವ್ವ ಹೊರಗೆ ಬಂದ್ರಾ?"

"ರಂಗೋಲಿ ಹಾಕ್ತಾ ಇದಾರೆ."

"ಬಿಸಿಲು ಏರೋವರೆಗೆ ನಿಂತಿರುತ್ತೆ," ಎಂದ.

ಬಿಸಿಲೇರಿದ ಮೇಲೆ ಫ್ಯಾನು ಮತ್ತೆ ತಿರುಗಿತು. ಮರುದಿನವೂ, ಅದರ ಮರುದಿನವೂ ತಿರುಗಿತು. ಇಂದ್ರೇಶನ ಜಾಗಕ್ಕೆ ಧರ್ಮೇಶ್ ಎಂಬವನು ಬಂದ. ಇಂದ್ರೇಶನಿಗೆ ಗದಗದ ಕಡೆಯ ಸೈಟಿಗೆ ವರ್ಗ.

ಅರಸೀಕೆರೆ ಸ್ಟೇಷನ್ನಿಗೆ ಅವಳು ಗೆಜ್ಜೆ ಹಾಕಿಕೊಂಡೇ ಹೋದಳು. ಅವನು ಮೊದಲು ನೋಡಿದ್ದು ಅವಳ ಪಾದವನ್ನು.

"ಅಪ್ಪಂಗೆ ಹೇಳ್ತೀನಿ," ಎಂದಳು. "ನಿಲ್ಸಿದ್ದು ನೀವು ಅಂತ. ಗೊತ್ತಾದ್ರೆ ಅಪ್ಪ ನಿಮ್ಮನ್ನ ಬೇಡ ಅನ್ನಲ್ಲ."

"ಬೇಡ ಹೇಮಾ. ಒಂದು ದಿನ ನಿಲ್ಸೋಕಾಗಿದ್ದು ದಿನಾ ಯಾಕಾಗ್ಲಿಲ್ಲ ಅಂತ ಕೇಳ್ತಾರೆ. ನನ್ ಹತ್ರ ಉತ್ತರ ಇಲ್ಲ. ದೇವಿ ಒಂದಿನ ಕಣ್ಣು ಬಿಟ್ಟಿದ್ದಳು ಅಂತಾನೇ ಇರ್ಲಿ."

"ಆ ಕೆಲ್ಸಾನೇ ಬಿಟ್ಟು ಬಂದುಬಿಡಿ."

"ಬರ್ತೀನಿ ಅಂತ ಸುಳ್ಳು ಹೇಳ್ಲಾ?"

ಅವಳು ಬೇಡವೆಂದು ತಲೆಯಾಡಿಸಿದಳು. ಸುಳ್ಳು ಹೇಳದವನೆಂದೇ ಅಲ್ಲವೇ ಅವನನ್ನು ಮೆಚ್ಚಿದ್ದು. ರೈಲು ಬಂತು. ಅದು ಹೊರಟ ಮೇಲೆ ಅವಳು ಪ್ಲಾಟ್‌ಫಾರ್ಮಿನ ತುದಿಯವರೆಗೂ ನಡೆದಳು. ಆ ಗದ್ದಲದಲ್ಲಿ ಗೆಜ್ಜೆಯ ಸದ್ದು ಅವಳಿಗೇ ಕೇಳಲಿಲ್ಲ.

ಮಾರನೆಯ ಬೆಳಿಗ್ಗೆ ಚಿಕ್ಕಣ್ಣ ಅಡುಗೆಮನೆಯ ಕಂಬಕ್ಕೊರಗಿ ಕೂತಿದ್ದ. ಗೋಡೆಯ ಮೇಲೆ ನೆರಳು ಹಾಯುತ್ತಿತ್ತು.

"ಅಪ್ಪಣೆ ಕೆಟ್ಟೋಗೈತೆ. ಹೂ ಕೇಳೋ ಹೊತ್ತಲ್ಲಿ ಯಾರೋ ಮನಸ್ನಲ್ಲಿ ಬ್ಯಾರೆ ಇಟ್ಕಂಡವ್ರೆ."

ರೊಟ್ಟಿ ಬೇಯಿಸುತ್ತಿದ್ದ ಹೇಮಾಶ್ರೀಯ ಕೈ ನಿಂತಿತು. ಸುಮ್ಮನಿರಬಹುದಿತ್ತು. ಸುಮ್ಮನಿರುವುದು ಸಾಕಾಗಿತ್ತು.

"ನಾನೇ ಅಪ್ಪ. ಆ ಮೀಟರ್ ಹುಡುಗ ನನ್ನವನಾಗ್ತಾನಾ ಅಂತ ಕೇಳ್ಬಿಟ್ಟೆ."

ಚಿಕ್ಕಣ್ಣ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

"ಬಲಗಡೆ ಹೂವೇ ಅಲ್ವಾ ಬಿದ್ದಿದ್ದು," ಎಂದಳು ರುಕ್ಮಿಣಮ್ಮ ಮೆತ್ತಗೆ.

"ಬಿತ್ತು," ಎಂದ ಚಿಕ್ಕಣ್ಣ. "ಬಿದ್ದು ಏನಾಯ್ತು? ಅದೂ ನಿಲ್ನಿಲ್ಲ, ಇವನೂ ನಿಲ್ನಿಲ್ಲ."

ನೆರಳು ತಲೆಬಾಗಿಲು ಹಾದು ಬಂತು. ರುಕ್ಮಿಣಮ್ಮ ಈ ಸಲ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡಳು. ತಿರುಗಿ ನೋಡಿದವಳು ಹೇಮಾಶ್ರೀ.

"ಯಾರು ಬಂದ್ರು?" ಎಂದಳು ಅವ್ವ, ಕಣ್ಣು ತೆರೆಯದೆ.

"ಯಾರೂ ಇಲ್ಲ ಕಣವ್ವ. ನೆರಳು."

ಹಾಗೆಂದವಳು ರೊಟ್ಟಿ ಮಗುಚಿದಳು. ಬಾಗಿಲಲ್ಲಿ ಮತ್ತೆ ಯಾರೋ ಬಂದಂತಾಯಿತು, ಅವಳು ಮತ್ತೆ ತಿರುಗಿ ನೋಡಿದಳು.