ಕೂತರೆ ಕಾಣುವ ಕಿಟಕಿ

ಖಾಲಿ ತರಗತಿಯ ನಟ್ಟನಡುವೆ ಒಬ್ಬ ಗಂಡಸು ಮಂಡಿಯೂರಿ ಕೂತಿದ್ದ. ಏನೋ ಬೀಳಿಸಿಕೊಂಡು ಹುಡುಕುತ್ತಿದ್ದಾನೆ ಎಂದುಕೊಂಡೆ.

"ಏನು ಕಳೆದುಹೋಯ್ತು?"

"ಏನೂ ಇಲ್ಲ. ಸದ್ಯಕ್ಕೆ ನಂಗೆ ಮೂರೂವರೆ ವರ್ಷ," ಎಂದ. "ಮಿಸ್, ನಿಮ್ಮ ಅಕ್ಷರಮಾಲೆ ಆಕಾಶದಲ್ಲಿದೆ. ಇಲ್ಲಿಂದ ಕಾಣೋದು ಮೇಜಿನ ಹೊಟ್ಟೆ ಮಾತ್ರ. ಅದಕ್ಕೆ ಯಾರೋ ಚ್ಯೂಯಿಂಗ್ ಗಮ್ ಅಂಟಿಸಿದಾರೆ."

ರಜೆಯಲ್ಲಿ ನನ್ನ ಶಿಶುವಿಹಾರದ ಕೋಣೆಯನ್ನು ಹೊಸದಾಗಿ ಮಾಡಿಕೊಡಲು ಶಾಲೆಯವರು ಕರೆಸಿದ್ದ ಬಡಗಿ ಅವನು. ಡಿಸೈನ್ ಓದಿ, ಆಮೇಲೆ ಉಳಿ ಹಿಡಿದವನು. ನನ್ನನ್ನೂ ಮಂಡಿಯೂರಿಸಿದ. ನಾನು ಅಷ್ಟು ಶ್ರಮಪಟ್ಟು ಸಿಂಗರಿಸಿದ್ದ ಗೋಡೆ ಅಲ್ಲಿಂದ ಬರೀ ಸುಣ್ಣ.

ಮೂರು ವಾರ ಕೆಲಸ ನಡೆಯಿತು. ಚಿತ್ರಗಳು ಕೆಳಗಿಳಿದವು. ಕಪಾಟುಗಳು ಮಗುವಿನ ಎದೆಯ ಮಟ್ಟಕ್ಕೆ ಬಂದವು. ನೆಲಕ್ಕೆ ತಾಗಿದ ಹಾಗೆ ಒಂದು ಕನ್ನಡಿ ಬಂತು. ಒಂದು ದಿನ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ನೆಲದಿಂದ ನನ್ನ ಕಣ್ಣಿನವರೆಗೆ ಟೇಪು ಹಿಡಿದ. ಅವನ ಬೆರಳು ನನ್ನ ಕೆನ್ನೆಯ ಪಕ್ಕದಲ್ಲಿ, ತಾಗದೆ, ನಿಂತಿತು.

"ಉಸಿರಾಡಬಹುದು ಮೇಡಮ್. ಅಳತೆ ತಪ್ಪಿಹೋಗಲ್ಲ."

ನಾನು ಬೇರೆ ಕಡೆ ನೋಡಿದೆ. ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ ಆಯಮ್ಮ ಕೆಮ್ಮಿದರು. ಆಮೇಲೆ ಕಿವಿಯಲ್ಲಿ, "ಮೇಜಿಗಿಂತ ನಿನ್ನನ್ನೇ ಜಾಸ್ತಿ ಅಳೀತಾನಲ್ಲ ತಾಯಿ," ಎಂದರು.

ಜಗಳವಾದದ್ದು ಮೂಲೆಯ ಮನೆಯ ವಿಷಯಕ್ಕೆ. ಹಲಗೆಯ ಪುಟ್ಟ ಮನೆ, ಬಾಗಿಲು ಗೋಡೆಯ ಕಡೆಗೆ, ತರಗತಿಯ ಕಡೆಗೆ ತಗ್ಗಿನಲ್ಲಿ ಒಂದು ಕಿಟಕಿ.

"ಮಗುಗೆ ಅವಿತುಕೊಳ್ಳೋಕೆ ಒಂದು ಜಾಗ ಬೇಕು."

"ಬೇಡ. ನಂಗೆ ಎಲ್ಲರೂ ಕಾಣ್ತಾನೇ ಇರಬೇಕು."

"ಯಾವಾಗಲೂ ಯಾರೋ ನೋಡ್ತಾನೇ ಇದ್ರೆ ಅಳೋದು ಎಲ್ಲಿ ಮೇಡಮ್?"

ನಾನು ಕೋಣೆಯಿಂದ ಹೊರಗೆ ನಡೆದೆ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ನನ್ನ ಗಂಡ ಕೈ ಬೀಸಿ, ರಸ್ತೆಯ ತಿರುವಿನಲ್ಲಿ ಮರೆಯಾದ. ಮಧ್ಯಾಹ್ನ ಆಸ್ಪತ್ರೆಯಿಂದ ಫೋನ್ ಬಂತು. ಮರೆ ಎಂದರೆ ನನಗೆ ಆಗುವುದಿಲ್ಲ. ಅತ್ತಿದ್ದೂ ಇಲ್ಲ.

ಆಯಮ್ಮ ಹೇಳಿರಬೇಕು. ಮರುದಿನ ಅವನ ದನಿ ತಗ್ಗಿತ್ತು. "ಶಾಲೆ ಶುರುವಾದ ಮೊದಲ ದಿನ ನೋಡಿ. ಬೇಡ ಅನ್ನಿಸಿದ್ರೆ ಸಂಜೆ ನಾನೇ ಬಿಚ್ಚಿಕೊಂಡು ಹೋಗ್ತೀನಿ. ಹೇಗೂ ಮಾರನೇ ದಿನ ಬೇರೆ ಊರಲ್ಲಿ ಕೆಲಸ."

ಬೇರೆ ಊರು ಎಂದಾಗ ತಲೆ ಎತ್ತಿ ಅವನನ್ನು ನೋಡಿದೆ. ಒಪ್ಪಿದೆ.

ಮೊದಲ ದಿನ ಹದಿನಾಲ್ಕು ಮಕ್ಕಳು. ಎರಡು ಜಡೆಯ ಒಂದು ಹೆಣ್ಣುಮಗು ಬೆಳಿಗ್ಗೆಯಿಂದ ಅತ್ತೂ ಅತ್ತೂ ಸೊರಗಿತ್ತು. ಹತ್ತೂವರೆಗೆ ತಲೆ ಎಣಿಸಿದೆ. ಹದಿಮೂರು. ಮತ್ತೆ ಎಣಿಸಿದೆ. ಹದಿಮೂರು.

ಆಯಮ್ಮ ಗೇಟಿನ ಕಡೆ ಓಡಿದರು. ಮೂಲೆಯ ಮನೆಯ ಕಿಟಕಿಯತ್ತ ನೋಡಿದೆ; ನಿಂತಲ್ಲಿಂದ ಒಳಗಿನ ಚಾಪೆಯ ಅಂಚು ಬಿಟ್ಟರೆ ಏನೂ ಇಲ್ಲ. ಅಲ್ಲೂ ಇಲ್ಲ ಎಂದುಕೊಂಡು ಮತ್ತೆ ಎಣಿಸತೊಡಗಿದೆ.

ಕಪಾಟಿನ ಕೊನೆಯ ತಿರುಪು ಬಿಗಿಮಾಡುತ್ತಿದ್ದ ಬಡಗಿ ನನ್ನ ಮುಖ ನೋಡಿ ಎದ್ದ. "ಕೂತ್ಕೊಳ್ಳಿ."

"ಮಗು ಇಲ್ಲ!"

"ಇದೆ. ಕೂತ್ಕೊಳ್ಳಿ ಮೇಡಮ್, ದಯವಿಟ್ಟು. ಆ ಕಿಟಕಿ ಇಟ್ಟಿರೋದು ನೀವು ಕೂತಾಗಿನ ಕಣ್ಣಿನ ಮಟ್ಟಕ್ಕೆ."

ಸ್ಟೂಲಿನ ಮೇಲೆ ಕುಸಿದೆ. ಕಿಟಕಿಯಲ್ಲಿ ಎರಡು ಜಡೆ ಕಂಡವು. ಬಟ್ಟೆಯ ಗೊಂಬೆಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮಗು ಗದರುತ್ತಿತ್ತು: "ಅಳಬಾರದು. ಅಮ್ಮ ಬರ್ತಾಳೆ. ಊಟ ಆದ್ಮೇಲೆ ಬರ್ತಾಳೆ. ಗೊತ್ತಾಯ್ತಾ?"

ನನ್ನ ಕೆನ್ನೆ ಒದ್ದೆಯಾಗಿತ್ತು. ಮಕ್ಕಳಿಗೆ ಕಾಣದ ಹಾಗೆ ಅವನು ನನ್ನ ಮುಂದೆ ಬಂದು, ಬೆನ್ನು ಮಾಡಿ ನಿಂತ.

ಸಂಜೆ ಮಕ್ಕಳು ಹೋದ ಮೇಲೆ ಸ್ಕ್ರೂಡ್ರೈವರ್ ಹಿಡಿದು ಮನೆಯ ಮುಂದೆ ಕೂತಿದ್ದ.

"ತಪ್ಪು ನಂದು. ಮೂರು ವಾರ ನೋಡಿದೀನಿ, ನೀವಾಗೇ ಒಂದು ದಿನಾನೂ ಕೂತವರಲ್ಲ. ನಿಂತ ಅಳತೆಗೇ ಕಿಟಕಿ ಇಡಬೇಕಿತ್ತು. ಬಿಚ್ಚಲಾ?"

"ಗೊತ್ತಿದ್ದೂ ಯಾಕೆ ಹಾಗೆ ಮಾಡಿದ್ರಿ?"

ಸ್ಕ್ರೂಡ್ರೈವರನ್ನು ಕೈಯಿಂದ ಕೈಗೆ ಬದಲಾಯಿಸಿದ. "ನೀವು ಒಂದ್ಸಲ ಕೂತು ಸುಧಾರಿಸಿಕೊಳ್ಳೋದನ್ನ ನೋಡಬೇಕು ಅಂತಿತ್ತು. ಆಸೆ ಇಟ್ಕೊಂಡು ಅಳತೆ ತಗೊಂಡೆ. ಬಡಗಿ ಮಾಡಬಾರದ ಕೆಲಸ."

"ಬಿಚ್ಚಬೇಡಿ," ಎಂದೆ. ಆಮೇಲೆ, "ನಾಳೆ ಹೊರಡೋದು ಎಷ್ಟು ಗಂಟೆಗೆ?"

"ಬೆಳಕು ಹರಿಯೋ ಮುಂಚೆ. ಸಾಮಾನು ಲಾರೀಲಿ ಬರುತ್ತೆ, ನಾನು ಬೈಕಲ್ಲಿ. ಐದು ಗಂಟೆ ದಾರಿ."

ಐದು ಗಂಟೆ. ಎಷ್ಟು ತಿರುವು, ಎಷ್ಟು ಲಾರಿ.

"ತಲುಪಿದ ತಕ್ಷಣ ಫೋನ್ ಮಾಡಿ."

"ಮಾಡ್ತೀನಿ."

"ಮಧ್ಯೆ ಟೀಗೆ ನಿಲ್ಲಿಸಿದಾಗಲೂ."

"ಮಾಡ್ತೀನಿ." ಅವನು ನಗಲಿಲ್ಲ.

"ನಂಗೆ ಹೆದರಿಕೆ ಆಗುತ್ತೆ," ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು. "ಇನ್ನು ಯಾರಿಗೋಸ್ಕರಾನೂ ಹೆದರೋದಿಲ್ಲ ಅಂತ ಅಂದ್ಕೊಂಡಿದ್ದೆ. ಈಗ ನಿಮಗೋಸ್ಕರ ಆಗ್ತಿದೆ. ನಂಗೆ ಇದು ಇಷ್ಟ ಇಲ್ಲ. ಆದ್ರೂ ಆಗ್ತಿದೆ."

ಅವನು ಸ್ಕ್ರೂಡ್ರೈವರನ್ನು ಕೆಳಗಿಟ್ಟ. ಆಮೇಲೆ ಜೇಬಿನಿಂದ ಬೈಕಿನ ಕೀ ತೆಗೆದು ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದ.

"ಬಸ್ಸಲ್ಲಿ ಹೋಗ್ತೀನಿ. ಬೈಕ್ ನಿಮ್ಮ ಹತ್ರಾನೇ ಇರಲಿ."

"ನಂಗೆ ಓಡಿಸೋಕೆ ಬರಲ್ಲ."

"ಗೊತ್ತು. ಅದಕ್ಕೇ ಶನಿವಾರ ನಾನೇ ಬರಬೇಕು."

ಶನಿವಾರಕ್ಕೆ ಇನ್ನೂ ಐದು ದಿನ. ಹೆದರಿಕೆ ಹೋಗಿರಲಿಲ್ಲ. ಆದರೂ ಮಡಚಿದ ಬೆರಳುಗಳನ್ನು ನಾನು ಬಿಡಿಸಲಿಲ್ಲ. ಅವನೂ ಕೈ ತೆಗೆಯಲಿಲ್ಲ.